ಹೊಸ ಫೋನು, ಹಳೇ ಕಾಫಿ

ಈ ಸಂಚಿಕೆಗೆ "ಒಂದು ಟೆಕ್ ರಿವ್ಯೂ ಬರ್ಕೊಡ್ತೀಯಾ?" ಅಂತ ನಮ್ಮ ಕನ್ನಡ ಸಂಘದ ಸೀನಿಯರ್ ಒಬ್ಬರು ಕೇಳಿದ್ರು. ಹೊಸ ಫೋನ್ ತಗೊಂಡು ಎರಡು ತಿಂಗಳಾಗಿತ್ತು, ಹಾಗಾಗಿ ಖುಷಿಯಿಂದ ಒಪ್ಕೊಂಡೆ. ಬರೆಯೋಕೆ ಕೂತ್ರೆ ಫೋನ್ ಬಗ್ಗೆ ಒಂದು ಪುಟ, ಕಾಫಿ ಬಗ್ಗೆ ಮೂರು ಪುಟ ಆಯ್ತು. ಅವರು ಓದಿ, "ಇದ್ರಲ್ಲಿ ಕಾಫಿ ಎಲ್ಲಿಂದ ಬಂತು?" ಅಂದ್ರು. ಫೋನು ಬಂದಿದ್ದೇ ಕಾಫಿಯಿಂದ, ಅದಕ್ಕೆ ಬಂತು. ಕಟ್ ಮಾಡ್ಬೇಡಿ ಅಂತ ಬೇಡ್ಕೊಂಡು ಎರಡನ್ನೂ ಇಲ್ಲಿ ಇಟ್ಟಿದ್ದೀನಿ.

ಇನ್ನೊಂದು ಮಾತು. ನಾನು ಎಲ್‌ಕೆಜಿಯಿಂದ ಸೆಕೆಂಡ್ ಪಿಯುವರೆಗೂ ಓದಿದ್ದು ಇಂಗ್ಲಿಷ್ ಮೀಡಿಯಂನಲ್ಲಿ. ಕನ್ನಡ ನನಗೆ ಮನೆ ಭಾಷೆ, ಅಂಗಡಿ ಭಾಷೆ, ಆಮೇಲೆ ಎಸ್ಸೆಸ್ಸೆಲ್ಸಿಯ ಸೆಕೆಂಡ್ ಲ್ಯಾಂಗ್ವೇಜ್. ಲೇಖನ ಅನ್ನೋದನ್ನ ಕನ್ನಡದಲ್ಲಿ ಬರೀತಿರೋದು ಇದೇ ಮೊದಲು. 'ಪರದೆ' ಅಂತ ಬರಬೇಕಾದ ಕಡೆ 'ಸ್ಕ್ರೀನ್' ಅಂತ ಬಂದ್ರೆ, ನಾವೆಲ್ಲ ಕ್ಯಾಂಟೀನಲ್ಲಿ ಮಾತಾಡೋದೂ ಹಾಗೇ ತಾನೇ ಅಂದ್ಕೊಂಡು ಮುಂದೆ ಓದಿ.

ಮೊದಲು ಲೆಕ್ಕ

ನಮ್ಮಪ್ಪನದು ಹಾಸನದಲ್ಲಿ ಒಂದು ಕಾಫಿಪುಡಿ ಅಂಗಡಿ. ದೊಡ್ಡದೇನಲ್ಲ. ಮುಂದೆ ಒಂದು ಕೌಂಟರ್ ಮತ್ತು ತಕ್ಕಡಿ, ಪಕ್ಕದಲ್ಲಿ ಎರಡು ಪುಡಿ ಮಾಡೋ ಮಷಿನ್, ಹಿಂದಿನ ರೂಮಲ್ಲಿ ಬೀಜ ಹುರಿಯೋ ಡ್ರಮ್. ಆ ಡ್ರಮ್ ನನಗಿಂತ ಹಿರಿದು. ಬೆಲ್ಟ್ ಮತ್ತು ಬರ್ನರ್ ಬದಲಾಯಿಸಿದ್ದು ಬಿಟ್ರೆ ಉಳಿದದ್ದೆಲ್ಲ ಅದೇ. ದಿನಕ್ಕೆ ಸುಮಾರು 8 ಕೆಜಿ ಪುಡಿ ಹೋಗುತ್ತೆ. ಬಾಡಿಗೆ, ಕರೆಂಟು, ಗ್ಯಾಸು, ಕೆಲಸದ ಹುಡುಗನ ಸಂಬಳ ಎಲ್ಲ ಕಳೆದು ಕೆಜಿಗೆ 40 ರೂಪಾಯಿ ಉಳಿದ್ರೆ ಅವತ್ತು ಒಳ್ಳೇ ದಿನ.

ನನ್ನ ಫೋನಿಗೆ 24,000 ರೂಪಾಯಿ. ಹಳೇ ಫೋನಿನ ಸ್ಕ್ರೀನ್ ಮಧ್ಯೆ ಹಸಿರು ಗೆರೆ ಬಂದು, ಆಮೇಲೆ ಅರ್ಧ ಸ್ಕ್ರೀನೇ ಕಪ್ಪಾಗಿ, ಅಟೆಂಡೆನ್ಸ್ ಆ್ಯಪ್ ತೆಗೆಯೋಕೂ ಆಗದಂತಾದಾಗ ಅಪ್ಪ ಯೋಚನೆ ಮಾಡದೆ ದುಡ್ಡು ಹಾಕಿದ್ರು. ಫೋನ್ ಬಂದ ದಿನ ಹಾಸ್ಟೆಲಲ್ಲಿ ಕೂತು ನಾನು ಭಾಗಾಕಾರ ಮಾಡಿದೆ. 24,000 ಭಾಗಿಸು 40, ಅಂದ್ರೆ 600 ಕೆಜಿ ಪುಡಿ. ದಿನಕ್ಕೆ 8 ಕೆಜಿ ಅಂದ್ರೆ 75 ದಿನದ ವ್ಯಾಪಾರ. ಒಂದು ಲೋಟಕ್ಕೆ 10 ಗ್ರಾಂ ಹಿಡಿದ್ರೆ 60,000 ಲೋಟ ಕಾಫಿ. ಹಾಸನದಲ್ಲಿ ಅಷ್ಟು ಸಲ ಯಾರೋ ಬೆಳಿಗ್ಗೆ ಎದ್ದು ಡಿಕಾಕ್ಷನ್ ಇಳಿಸಿದ್ದಕ್ಕೆ ನನ್ನ ಕೈಗೆ ಈ ಫೋನು ಬಂತು. ರಿವ್ಯೂ ಮಾಡೋರು 'ವ್ಯಾಲ್ಯೂ ಫಾರ್ ಮನಿ' ಅಂತಾರಲ್ಲ, ಅದನ್ನ ನಾನು ರೂಪಾಯಲ್ಲಿ ಅಳೆಯೋಕೆ ಆಗಲ್ಲ. ಲೋಟದಲ್ಲೇ ಅಳೀಬೇಕು.

ಫೋನು

ಕಂಪನಿ ಹೆಸರು ಹೇಳಲ್ಲ. ಹೊಗಳಿದ್ರೆ ಜಾಹೀರಾತು ಅಂತೀರಿ, ಬೈದ್ರೆ ಅದೇ ಫೋನ್ ಇಟ್ಕೊಂಡಿರೋ ನಮ್ಮ ಕ್ಲಾಸಿನ ನಾಲ್ಕು ಜನ ಜಗಳಕ್ಕೆ ಬರ್ತಾರೆ.

ಸ್ಕ್ರೀನ್ ಅಮೊಲೆಡ್, 120 ಹರ್ಟ್ಸ್. ಅಂದ್ರೆ ಸೆಕೆಂಡಿಗೆ 120 ಸಲ ಚಿತ್ರ ಹೊಸದಾಗುತ್ತೆ, ಒಂದೊಂದಕ್ಕೆ ಸುಮಾರು 8.3 ಮಿಲಿಸೆಕೆಂಡ್. ಮೊದಲ ದಿನ ಸುಮ್ಮನೆ ಸೆಟ್ಟಿಂಗ್ಸ್ ಪುಟವನ್ನೇ ಮೇಲೆ ಕೆಳಗೆ ಎಳೀತಾ ಕೂತಿದ್ದೆ, ಬೆಣ್ಣೆ ಥರ ಜಾರುತ್ತೆ. ನಾಲ್ಕನೇ ದಿನಕ್ಕೆ ಅದು ಗಮನಕ್ಕೇ ಬರ್ತಿರಲಿಲ್ಲ. ಆದ್ರೆ ರೂಮ್‌ಮೇಟ್‌ನ 60 ಹರ್ಟ್ಸ್ ಫೋನ್ ಕೈಗೆ ತಗೊಂಡ್ರೆ ಏನೋ ಎಡವಿದ ಹಾಗಾಗುತ್ತೆ. ಒಳ್ಳೇದನ್ನ ಅಭ್ಯಾಸ ಮಾಡ್ಕೊಂಡ್ರೆ ಖುಷಿ ಜಾಸ್ತಿ ಆಗಲ್ಲ, ಕಡಿಮೆದನ್ನ ಸಹಿಸೋ ಶಕ್ತಿ ಕಮ್ಮಿ ಆಗುತ್ತೆ. ಇದು ಕಾಫಿಗೂ ಅನ್ವಯಿಸುತ್ತೆ, ನಮ್ಮ ಮೆಸ್ಸಿನ ಕಾಫಿ ಕುಡಿದೋರಿಗೆ ವಿವರಿಸಬೇಕಿಲ್ಲ.

ಬ್ಯಾಟರಿ 5000 ಎಂಎಎಚ್. ಒಂದೂವರೆ ದಿನ ಆರಾಮಾಗಿ ಬರುತ್ತೆ. ಇಲ್ಲೊಂದು ಸಣ್ಣ ಲೆಕ್ಕ ಮಾಡಿ, ಮಜಾ ಇದೆ. 5 ಆಂಪಿಯರ್-ಅವರ್ ಅನ್ನು 3.85 ವೋಲ್ಟಿನಿಂದ ಗುಣಿಸಿದ್ರೆ ಸುಮಾರು 19 ವ್ಯಾಟ್-ಅವರ್, ಅಂದ್ರೆ 69 ಕಿಲೋಜೌಲ್. 150 ಎಂಎಲ್ ನೀರನ್ನ 25 ಡಿಗ್ರಿಯಿಂದ 100ಕ್ಕೆ ಕಾಯಿಸೋಕೆ ಬೇಕಾಗೋದು ಸುಮಾರು 47 ಕಿಲೋಜೌಲ್. ಅಂದ್ರೆ ಒಂದೂವರೆ ದಿನ ರೀಲ್ಸ್, ಲೆಕ್ಚರ್ ರೆಕಾರ್ಡಿಂಗು, ಮನೆಗೆ ವಿಡಿಯೋ ಕಾಲು ಎಲ್ಲ ನಡೆಸೋ ಶಕ್ತಿ, ಒಂದು ಚೂರೂ ನಷ್ಟ ಆಗದೆ ನೀರಿಗೆ ಹೋದ್ರೂ, ಒಂದೂವರೆ ಲೋಟ ನೀರು ಕುದಿಸೋಕೆ ಸಾಕಾಗಿ ಮುಗಿದುಹೋಗುತ್ತೆ. ಪ್ರೊಸೆಸರ್ ಮಾಡಿರೋರಿಗೆ ಕೈ ಮುಗೀಬೇಕು ಅನ್ಸಿತು. ಜೊತೆಗೆ ದಿನಾ ಬೆಳಿಗ್ಗೆ ನೀರು ಕಾಯಿಸೋ ಅಮ್ಮ ಎಷ್ಟು ದೊಡ್ಡ ಶಕ್ತಿ ಜೊತೆ ವ್ಯವಹಾರ ಮಾಡ್ತಾರೆ ಅಂತನೂ.

ಕ್ಯಾಮೆರಾ 50 ಮೆಗಾಪಿಕ್ಸೆಲ್ ಅಂತ ಡಬ್ಬದ ಮೇಲೆ ಬರೆದಿದ್ರೂ, ಮಾಮೂಲಿ ಮೋಡ್‌ನಲ್ಲಿ ಬರೋ ಫೋಟೋ 12.5 ಮೆಗಾಪಿಕ್ಸೆಲ್‌ದು. ಅಕ್ಕಪಕ್ಕದ ನಾಲ್ಕು ಪಿಕ್ಸೆಲ್ ಸೇರಿಸಿ ಒಂದು ಮಾಡ್ತಾರೆ, ಕತ್ತಲಲ್ಲಿ ಬೆಳಕು ಚೆನ್ನಾಗಿ ಸಿಗಲಿ ಅಂತ. ರಜೆಗೆ ಊರಿಗೆ ಹೋದಾಗ ಇದನ್ನ ಹುರಿಯೋ ರೂಮಲ್ಲಿ ಪರೀಕ್ಷೆ ಮಾಡಿದೆ. ನನ್ನ ತಲೇಲಿ ಒಂದು ಮಿನಿ ಪ್ರಾಜೆಕ್ಟ್ ಇತ್ತು: ಬೀಜದ ಬಣ್ಣ ನೋಡಿ ಹುರಿದದ್ದು ಸಾಕಾ ಇಲ್ವಾ ಅಂತ ಫೋನೇ ಹೇಳೋ ಹಾಗೆ ಮಾಡೋದು. ಒಂದೇ ಹಿಡಿ ಬೀಜವನ್ನ ಟ್ಯೂಬ್‌ಲೈಟ್ ಕೆಳಗೆ, ಬಾಗಿಲ ಹತ್ರ ಬಿಸಿಲಲ್ಲಿ, ಸ್ಟೀಲ್ ತಟ್ಟೇಲಿ, ಪೇಪರ್ ಮೇಲೆ ಇಟ್ಟು ಫೋಟೋ ತೆಗೆದೆ. ನಾಲ್ಕು ಫೋಟೋದಲ್ಲಿ ನಾಲ್ಕು ಬಣ್ಣ. ಆಟೋ ವೈಟ್ ಬ್ಯಾಲೆನ್ಸ್ ಪ್ರತಿ ಸಲವೂ ತನಗೆ ಸರಿ ಅನ್ನಿಸಿದ ಬಣ್ಣ ಕೊಡುತ್ತೆ. ಅದನ್ನ ಲಾಕ್ ಮಾಡ್ಬೇಕು, ಒಂದೇ ಲೈಟ್ ಇಡ್ಬೇಕು, ಆಮೇಲೆ ನೋಡ್ಬೇಕು. ಪ್ರಾಜೆಕ್ಟ್ ಇನ್ನೂ ಬದುಕಿದೆ, ಆಸಕ್ತಿ ಇರೋರು ಜೊತೆಗೆ ಬನ್ನಿ.

ಅಷ್ಟರಲ್ಲಿ ಅಪ್ಪ ಡ್ರಮ್ ಕಡೆ ನೋಡ್ತಾನೂ ಇರಲಿಲ್ಲ, ಕೌಂಟರಲ್ಲಿ ಯಾರಿಗೋ ಚಿಲ್ಲರೆ ಎಣಿಸಿ ಕೊಡ್ತಿದ್ರು. ಇದ್ದಕ್ಕಿದ್ದ ಹಾಗೆ "ಬಂತು ಪುಟ್ಟಿ, ಆರಿಸು" ಅಂದ್ರು. ಅವರು ಕಿವೀಲಿ ಹುರೀತಾರೆ. ಸುಮಾರು 200 ಡಿಗ್ರಿ ಹತ್ರ ಬಂದಾಗ ಬೀಜದ ಒಳಗಿನ ಆವಿ ಒತ್ತಡಕ್ಕೆ ಬೀಜ ಚಟಪಟ ಅಂತ ಸಿಡಿಯುತ್ತೆ, ಅರಳು ಸಿಡಿದ ಹಾಗೆ. ಆ ಶಬ್ದ ಮುಗಿದು, ಸ್ವಲ್ಪ ಹೊತ್ತು ಸುಮ್ಮನಾಗಿ, ವಾಸನೆ ಬದಲಾಗೋ ಕ್ಷಣ ಅವರಿಗೆ ಗೊತ್ತು. ನನ್ನ ಫೋನಿಗೂ ಮೈಕ್ ಇದೆ. ಪ್ರಾಜೆಕ್ಟನ್ನ ಕ್ಯಾಮೆರಾದಿಂದ ಮೈಕಿಗೆ ಬದಲಾಯಿಸೋ ಯೋಚನೇಲಿದ್ದೀನಿ.

ಇನ್ನು ಕನ್ನಡ. ಹೊಸ ಫೋನಿನ ಭಾಷೆಯನ್ನ ಮೊದಲ ದಿನವೇ ಕನ್ನಡಕ್ಕೆ ಹಾಕಿದೆ. ಕ್ರಾಂತಿ ಅಂತೇನಲ್ಲ, ಒಂದು ವಾರ ನೋಡೋಣ ಅಂತ. ಮೊದಲೆರಡು ದಿನ ವೈಫೈ ಆಫ್ ಮಾಡೋಕೂ ಹುಡುಕಾಡಿದೆ, ಆಮೇಲೆ ಅಭ್ಯಾಸ ಆಯ್ತು, ಈಗಲೂ ಹಾಗೇ ಇದೆ. ಟೈಪ್ ಮಾಡುವಾಗ ಒಂದು ವಿಷಯ ಗಮನಕ್ಕೆ ಬಂತು. 'ಸ್ತ್ರೀ' ಅಂತ ಬರೆದು ಬ್ಯಾಕ್‌ಸ್ಪೇಸ್ ಒತ್ತಿದ್ರೆ ಅಕ್ಷರ ಒಂದೇ ಸಲಕ್ಕೆ ಹೋಗಲ್ಲ, ಚೂರು ಚೂರಾಗಿ ಕಳಚುತ್ತೆ. ಯಾಕಂದ್ರೆ ನಮ್ಮ ಕಣ್ಣಿಗೆ ಒಂದೇ ಅಕ್ಷರ ಆದ್ರೂ ಯೂನಿಕೋಡ್‌ನಲ್ಲಿ ಅದು ಆರು ಸಂಕೇತ: ಸ, ಹಲಂತ, ತ, ಹಲಂತ, ರ, ದೀರ್ಘ ಈ ಕಾರ. ಪ್ರೈಮರಿ ಸ್ಕೂಲಲ್ಲಿ ಒತ್ತಕ್ಷರ ಅಂದ್ರೆ ಸುಮ್ಮನೆ ನೆನಪಿಟ್ಕೊಳ್ಳೋ ಚಿತ್ರ ಅಂದ್ಕೊಂಡಿದ್ದೆ. ಅದರೊಳಗೆ ಹೀಗೆ ಜೋಡಣೆ ಇದೆ ಅಂತ ತಿಳಿದಿದ್ದು ಬ್ಯಾಕ್‌ಸ್ಪೇಸಿಂದ. ಇಂಗ್ಲಿಷ್ ಕೀಲಿಗಳಲ್ಲೇ ಉಚ್ಚಾರಣೆಗೆ ತಕ್ಕ ಹಾಗೆ ಕನ್ನಡ ಒತ್ತೋ ವಿನ್ಯಾಸ ಮಾಡಿದ ಕೆ.ಪಿ. ರಾವ್ ಅವರಂಥವರು ಈ ಜೋಡಣೆಯನ್ನ ನಮಗಿಂತ ಎಷ್ಟೋ ಮೊದಲೇ ಕಂಡಿದ್ರಲ್ಲ ಅಂತ ಆಶ್ಚರ್ಯ ಆಯ್ತು.

ಬೇಜಾರಿನ ಸಂಗತಿಗಳೂ ಇವೆ. ಫೋನು ಬಂದಾಗಲೇ ಕೇಳದ ಹನ್ನೆರಡು ಆ್ಯಪ್ ಒಳಗೆ ಕೂತಿದ್ವು. ಒದ್ದೆ ಬೆರಳಿಗೆ ಸ್ಕ್ರೀನ್ ಸರಿಯಾಗಿ ಸ್ಪಂದಿಸಲ್ಲ, ಪುಡಿ ಮೆತ್ತಿದ ಬೆರಳನ್ನ ಫಿಂಗರ್‌ಪ್ರಿಂಟ್ ಸೆನ್ಸರ್ ಗುರುತೇ ಹಿಡಿಯಲ್ಲ. ಅಂಗಡೀಲಿ ನಿಂತಾಗ ಅದು ನನ್ನನ್ನ ಅಪರಿಚಿತಳ ಥರ ನೋಡುತ್ತೆ.

ನನ್ನ ಇಷ್ಟದ ಕಾಫಿಗಳು

ಪಕ್ಷಪಾತ ಇದೆ, ಮುಚ್ಚಿಡಲ್ಲ. ಭಾರತದ ಕಾಫಿಯಲ್ಲಿ ಸುಮಾರು ಶೇಕಡ 70 ಬೆಳೆಯೋದು ಕರ್ನಾಟಕದಲ್ಲಿ, ಅದೂ ಕೊಡಗು, ಚಿಕ್ಕಮಗಳೂರು, ಹಾಸನ ಈ ಮೂರು ಜಿಲ್ಲೇಲಿ. ಬಾಬಾ ಬುಡನ್ ಯೆಮನ್ನಿನಿಂದ ಏಳು ಬೀಜ ತಂದು ಚಂದ್ರದ್ರೋಣ ಬೆಟ್ಟದಲ್ಲಿ ನೆಟ್ಟರು ಅನ್ನೋ ಕಥೆ ನಿಮಗೆಲ್ಲ ಗೊತ್ತೇ ಇದೆ. ನಾನು ಆ ಏಳು ಬೀಜದ ಋಣದಲ್ಲಿ ಬೆಳೆದೋಳು.

ಒಂದು, ಅಪ್ಪನ 80-20. ನೂರು ಗ್ರಾಂ ಪುಡೀಲಿ 80 ಕಾಫಿ, 20 ಚಿಕೋರಿ. ಕಾಫಿಯಲ್ಲಿ ಅರ್ಧ ಪ್ಲಾಂಟೇಷನ್ ಎ, ಅಂದ್ರೆ ಹಣ್ಣಿನ ಸಿಪ್ಪೆ ಬಿಡಿಸಿ ತೊಳೆದು ಒಣಗಿಸಿದ ಅರಾಬಿಕಾ. ಇನ್ನರ್ಧ ರೊಬಸ್ಟಾ. ಅರಾಬಿಕಾದಿಂದ ಪರಿಮಳ, ರೊಬಸ್ಟಾದಿಂದ ಖಡಕ್. ರೊಬಸ್ಟಾದಲ್ಲಿ ಕೆಫೀನ್ ಹೆಚ್ಚುಕಮ್ಮಿ ಎರಡರಷ್ಟು, ಇಂಟರ್ನಲ್ಸ್ ಹಿಂದಿನ ದಿನ ಉಪಯೋಗಕ್ಕೆ ಬರೋ ಮಾಹಿತಿ. ಚಿಕೋರಿ ಕಾಫಿಯೇ ಅಲ್ಲ, ಒಂದು ಗಿಡದ ಬೇರು. ಒಣಗಿಸಿ ಹುರಿದು ಪುಡಿ ಮಾಡಿರ್ತಾರೆ. ಅದರಲ್ಲಿ ಕೆಫೀನ್ ಇಲ್ಲ, ಆದ್ರೆ ಡಿಕಾಕ್ಷನ್ನಿಗೆ ಬಣ್ಣ, ಗಟ್ಟಿತನ, ಸ್ವಲ್ಪ ಸಿಹಿಗಹಿ ಕೊಡುತ್ತೆ. ಚಿಕೋರಿ ಅಂದ್ರೆ ಕಲಬೆರಕೆ ಅಂತ ಮೂಗು ಮುರಿಯೋರು ಇದ್ದಾರೆ. ಹಾಲು ಹಾಕಿದ ಫಿಲ್ಟರ್ ಕಾಫಿಗೆ 20 ಇದ್ರೇನೇ ನನಗೆ ಕಾಫಿ ಅನ್ಸೋದು. ಬಾಯಲ್ಲಿ ಹಾಲು ಮೊದಲು ಬರುತ್ತೆ, ಆಮೇಲೆ ಕಹಿ, ಲೋಟ ಕೆಳಗಿಟ್ಟ ಮೇಲೂ ನಾಲಿಗೆ ಹಿಂಬದೀಲಿ ಸ್ವಲ್ಪ ಹೊತ್ತು ಕೂತಿರುತ್ತೆ.

ಎರಡು, ಪೀಬೆರಿ, ಚಿಕೋರಿ ಇಲ್ಲದ್ದು. ಸಾಮಾನ್ಯವಾಗಿ ಒಂದು ಕಾಫಿ ಹಣ್ಣಲ್ಲಿ ಎರಡು ಬೀಜ, ಒಂದರ ಬೆನ್ನಿಗೆ ಒಂದು ಅಂಟ್ಕೊಂಡು ಒಂದು ಬದಿ ಚಪ್ಪಟೆ ಇರುತ್ವೆ. ಕೆಲವು ಹಣ್ಣಲ್ಲಿ ಒಂದೇ ಬೀಜ ಬೆಳೆದು ಬಟಾಣಿ ಥರ ಗುಂಡಗಾಗುತ್ತೆ, ಅದೇ ಪೀಬೆರಿ. ಗುಂಡಗಿರೋದ್ರಿಂದ ಡ್ರಮ್ಮಲ್ಲಿ ಚೆನ್ನಾಗಿ ಉರುಳಿ ಎಲ್ಲ ಕಡೆ ಸಮನಾಗಿ ಹುರಿಯುತ್ತೆ ಅಂತಾರೆ ಅಪ್ಪ. ಹಬ್ಬಕ್ಕೆ, ನೆಂಟರು ಬಂದಾಗ, ಮತ್ತೆ ನಾನು ರಜೆಗೆ ಹೋದ ಮೊದಲ ದಿನ ಮಾತ್ರ ಮನೇಲಿ ಇದು ಇಳಿಯುತ್ತೆ. ಡಿಕಾಕ್ಷನ್ ತೆಳು ಕಾಣುತ್ತೆ, ಮೋಸ ಹೋಗ್ಬೇಡಿ. ಹಾಲು ಸ್ವಲ್ಪ ಕಡಿಮೆ ಹಾಕಿ, ಸಕ್ಕರೆ ಅರ್ಧ ಚಮಚ ಸಾಕು.

ಮೂರು, ಸಕಲೇಶಪುರದ ದೊಡ್ಡಮ್ಮನ ಬೆಲ್ಲದ ಕಾಫಿ. ಇದಕ್ಕೆ ಫಿಲ್ಟರೂ ಬೇಡ, ಹಾಲೂ ಬೇಡ. ನೀರಿಗೆ ಬೆಲ್ಲ ಹಾಕಿ ಕುದಿಸಿ, ಪುಡಿ ಹಾಕಿ ಮುಚ್ಚಿಟ್ಟು, ಬಟ್ಟೇಲಿ ಸೋಸೋದು. ಮಳೆ ಹಿಡಿದು ಮೂರು ದಿನ ಬಿಡದೇ ಇದ್ದಾಗ, ಕರೆಂಟ್ ಹೋದಾಗ, ಜಗಲೀಲಿ ಕೂತು ಕುಡಿದ್ರೆ ಇದರ ಬೆಲೆ ಗೊತ್ತಾಗುತ್ತೆ. ಅವರ ಹಿತ್ತಲಲ್ಲಿರೋ ಗಿಡಗಳು ಎಸ್.795 ಅನ್ನೋ ತಳಿ. ಚಿಕ್ಕಮಗಳೂರು ಜಿಲ್ಲೆಯ ಬಾಳೆಹೊನ್ನೂರಿನಲ್ಲಿ 1925ರಲ್ಲಿ ಶುರುವಾದ ಕಾಫಿ ಸಂಶೋಧನಾ ಕೇಂದ್ರದಲ್ಲಿ 1940ರ ದಶಕದಲ್ಲಿ ಬಿಡುಗಡೆ ಆಗಿದ್ದು, ಇವತ್ತಿಗೂ ನಮ್ಮ ಕಡೆ ತೋಟಗಳಲ್ಲಿ ಸಿಗುತ್ತೆ. ಫೋನಿನ ಮಾಡೆಲ್ ನಂಬರ್ ಥರ ಇರೋ ಹೆಸರು, ವಯಸ್ಸು ಮಾತ್ರ 80ರ ಹತ್ರ.

ನಾಲ್ಕು, ಬೆಂಗಳೂರಿನ ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್. 1965ರಿಂದ ಇರೋ ಜಾಗ. ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್, ಕಾಫಿ, ಟೀ ಇಂಥ ನಾಲ್ಕಾರು ಐಟಂ ಬಿಟ್ರೆ ಬೇರೆ ಜಾಸ್ತಿ ಏನಿಲ್ಲ. ಕೂರೋ ಯೋಚನೆ ಬೇಡ, ಫುಟ್‌ಪಾತಿನ ಮೇಲೆ ನಿಂತು, ಚಟ್ನಿ ಮತ್ತೆ ಮತ್ತೆ ಹಾಕಿಸ್ಕೊಂಡು, ಕೊನೆಗೆ ಬಿಸಿ ಕಾಫಿ. ಫಸ್ಟ್ ಇಯರಲ್ಲಿ ಮನೆ ನೆನಪಾಗಿ ಏನೂ ಸೇರದ ಒಂದು ಭಾನುವಾರ ಬಸ್ ಹತ್ತಿ ಅಲ್ಲಿಗೆ ಹೋಗಿದ್ದೆ. ಪಕ್ಕದಲ್ಲಿ ನಿಂತಿದ್ದ ಒಬ್ಬ ತಾತ ಲೋಟ ತುಟಿಗೆ ತಾಗಿಸೋ ಮೊದಲು ಮೂಸಿ ನೋಡಿದ್ರು. ನಮ್ಮ ಅಂಗಡಿಗೆ ಬರೋ ಹಳೇ ಗಿರಾಕಿಗಳೂ ಪುಡಿಯನ್ನ ಹಾಗೇ ಮೂಸಿ ನೋಡೋದು. ಬೆಂಗಳೂರು ಅವತ್ತು ಸ್ವಲ್ಪ ಹತ್ತಿರ ಆಯ್ತು.

ಐದು, ಮಾನ್ಸೂನ್ಡ್ ಮಲಬಾರ್. ಕ್ಲಾಸಿನವರ ಜೊತೆ ಒಂದು ದೊಡ್ಡ ಕೆಫೇಗೆ ಹೋದಾಗ ಕುಡಿದದ್ದು. ಒಂದು ಕಪ್ಪಿನ ಬೆಲೆಗೆ ನಮ್ಮ ಅಂಗಡೀಲಿ ಕಾಲು ಕೆಜಿ ಪುಡಿ ಬರುತ್ತೆ, ಅದಕ್ಕೆ ನಿಧಾನಕ್ಕೆ ಕುಡಿದೆ. ಇದರ ಹಿಂದಿನ ಕಥೆ ಚೆನ್ನಾಗಿದೆ. ಹಾಯಿ ಹಡಗಿನ ಕಾಲದಲ್ಲಿ ನಮ್ಮ ಪಶ್ಚಿಮ ಕರಾವಳಿಯಿಂದ ಯುರೋಪಿಗೆ ಕಾಫಿ ಹೋಗೋಕೆ ತಿಂಗಳುಗಟ್ಟಲೆ ಹಿಡೀತಿತ್ತು. ಸಮುದ್ರದ ತೇವಕ್ಕೆ ಬೀಜ ಉಬ್ಬಿ, ಬಿಳಿಚಿ, ಹುಳಿ ಕಳ್ಕೊಂಡು ಬೇರೆಯೇ ರುಚಿ ಬರ್ತಿತ್ತು. ಉಗಿ ಹಡಗು ಬಂದು ಪ್ರಯಾಣ ಚಿಕ್ಕದಾದ ಮೇಲೆ ಅಲ್ಲಿನವರಿಗೆ ಹಳೇ ರುಚಿಯೇ ಬೇಕಾಯ್ತು. ಹಾಗಾಗಿ ಈಗ ಮಳೆಗಾಲದಲ್ಲಿ ಮಂಗಳೂರು ಕಡೆಯ ಗೋದಾಮುಗಳಲ್ಲಿ ಬೀಜ ಹರಡಿ, ಮಳೆಗಾಳಿ ಆಡಿಸಿ, ಬೇಕು ಅಂತಲೇ ಹಾಗೆ ಮಾಡ್ತಾರೆ. ಜಿಐ ಟ್ಯಾಗ್ ಕೂಡ ಇದೆ. ಹುಳಿ ಇಲ್ಲ, ಮಣ್ಣಿನ ವಾಸನೆ, ಸ್ವಲ್ಪ ಮಸಾಲೆ ಡಬ್ಬದ ವಾಸನೆ. ರೂಮ್‌ಮೇಟ್ ಹುಬ್ಬಳ್ಳಿಯವಳು, ಚಹಾದ ಪಕ್ಷ. ಒಂದು ಗುಟುಕು ಕುಡಿದು, "ಇದಕ್ಕ ಇಷ್ಟ್ಯಾಕ ಒದ್ದಾಡ್ತಿ? ಮಳಿಯಾಗ ತೋಯ್ಸಿದ ಕಾಫಿಗೆ ರೊಕ್ಕ ಬ್ಯಾರೆ!" ಅಂದಳು. ಅವಳ ರಿವ್ಯೂ ಇಷ್ಟೇ.

ಬೆಲೆ

ಇಲ್ಲಿವರೆಗೆ ಬರೆದದ್ದು ರುಚಿ. ರಜೆಯಲ್ಲಿ ಮನೆಗೆ ಹೋದಾಗ ಗೊತ್ತಾಗಿದ್ದು ಬೆಲೆ.

ಪ್ರಪಂಚದಲ್ಲಿ ಅತಿ ಹೆಚ್ಚು ಕಾಫಿ ಬೆಳೆಯೋದು ಬ್ರೆಜಿಲ್, ಆಮೇಲೆ ವಿಯೆಟ್ನಾಂ. ಎರಡೂ ಕಡೆ ಬರ ಬಂದು ಬೆಳೆಗೆ ಪೆಟ್ಟು ಬಿತ್ತು. 2025ರ ಫೆಬ್ರವರಿಯಲ್ಲಿ ನ್ಯೂಯಾರ್ಕ್ ಮಾರುಕಟ್ಟೆಯಲ್ಲಿ ಅರಾಬಿಕಾ ಪೌಂಡಿಗೆ 4 ಡಾಲರ್ ದಾಟಿ ದಾಖಲೆ ಮಾಡಿತು. ಬೆಳೆಗಾರರಿಗೆ ಬಹಳ ವರ್ಷದ ಮೇಲೆ ಒಳ್ಳೇ ಕಾಲ ಬಂತು. ನಮ್ಮ ದೊಡ್ಡಮ್ಮನೂ ಮನೆಗೆ ಹೊಸ ಹೆಂಚು ಹೊದಿಸಿದ್ರು, ನನಗೆ ಖುಷಿಯೇ. ಆದ್ರೆ ಬೀಜ ಕೊಂಡು ಪುಡಿ ಮಾರೋ ಅಪ್ಪನ ಥರದವರು ಮಧ್ಯದಲ್ಲಿ ಸಿಕ್ಕಿಹಾಕ್ಕೊಂಡ್ರು. ಎರಡು ವರ್ಷದಲ್ಲಿ ಅವರು ಕೊಳ್ಳೋ ಬೀಜದ ರೇಟು ಡಬಲ್ ಆಗಿತ್ತು. ಗಿರಾಕಿಗಳು ಬೇರೆ ಕಡೆ ಹೋಗ್ತಾರೆ ಅಂತ ಪುಡಿ ರೇಟನ್ನ ಅಷ್ಟು ಏರಿಸಿರಲಿಲ್ಲ. ಕೆಜಿಗೆ 40 ಉಳೀತಿತ್ತು ಅಂದೆನಲ್ಲ, ಅದು ಮೊದಲಿನ ಮಾತು. ನನ್ನ ಫೋನ್ ಕೊಂಡ ತಿಂಗಳಲ್ಲಿ ಎಷ್ಟು ಉಳೀತು ಅಂತ ಕೇಳಿದೆ. "ಅದೆಲ್ಲ ಯಾಕೆ ನಿಂಗೆ, ಸಿಜಿಪಿಎ ಎಷ್ಟು ಬಂತು ಹೇಳು" ಅಂದ್ರು.

ದಾರಿ ಒಂದಿತ್ತು. ಚಿಕೋರಿ ಜಾಸ್ತಿ ಮಾಡೋದು. ಕಾಫಿ-ಚಿಕೋರಿ ಮಿಶ್ರಣದಲ್ಲಿ ಕಾಫಿ ಶೇಕಡ 51ಕ್ಕಿಂತ ಕಡಿಮೆ ಇರಬಾರದು, ಎಷ್ಟೆಷ್ಟು ಇದೆ ಅಂತ ಪ್ಯಾಕೆಟ್ ಮೇಲೆ ಬರೀಬೇಕು ಅಂತ ಕಾನೂನಿದೆ. ಆದ್ರೆ ಕಣ್ಣೆದುರೇ ತೂಗಿ ಕವರಿಗೆ ಹಾಕಿಕೊಡೋ ಅಂಗಡೀಲಿ, ಇಪ್ಪತ್ತನ್ನ ಸದ್ದಿಲ್ಲದೆ ಮೂವತ್ತು ಮಾಡಿದ್ರೆ ಎಷ್ಟು ಜನಕ್ಕೆ ಗೊತ್ತಾಗುತ್ತೆ? ಬಣ್ಣ ಇನ್ನೂ ಗಟ್ಟಿಯಾಗುತ್ತೆ, ಕೆಲವರು ಪುಡಿ ಚೆನ್ನಾಗಿದೆ ಅಂತಲೂ ಹೇಳಬಹುದು. ಪಕ್ಕದ ಅಂಗಡಿಯವರೊಬ್ಬರು ಇದೇ ಸಲಹೆ ಕೊಟ್ಟಿದ್ರಂತೆ. ಅಪ್ಪ ಎರಡು ರಾತ್ರಿ ನಿದ್ದೆ ಮಾಡಲಿಲ್ಲ ಅಂತ ಅಮ್ಮ ಹೇಳಿದ್ರು. ಮೂರನೇ ದಿನ ಬೆಳಿಗ್ಗೆ ನನ್ನನ್ನ ಕರೆದು, "ಪುಟ್ಟಿ, ನಿನ್ನ ಹೊಸ ಫೋನ್ ತಗೊಂಬಾ. ವಾಟ್ಸಾಪಲ್ಲಿ ಎಲ್ರಿಗೂ ಒಂದು ಮೆಸೇಜ್ ಹಾಕ್ಬೇಕು, ಕನ್ನಡದಲ್ಲಿ" ಅಂದ್ರು.

ನಾನು ಎಸ್ಸೆಸ್ಸೆಲ್ಸಿ ಪತ್ರಲೇಖನವನ್ನೆಲ್ಲ ನೆನಪು ಮಾಡ್ಕೊಂಡು ಬರೆದೆ: 'ಆತ್ಮೀಯ ಗ್ರಾಹಕರ ಗಮನಕ್ಕೆ. ಅನಿವಾರ್ಯ ಕಾರಣಗಳಿಂದಾಗಿ ಬೆಲೆಯನ್ನು ಪರಿಷ್ಕರಿಸಲಾಗಿದೆ.' ಅಪ್ಪ ಕನ್ನಡಕ ಏರಿಸಿ ಓದಿದ್ರು.

"ಇದೇನು, ಕರೆಂಟ್ ಬಿಲ್ ಹಿಂದೆ ಬರೆದಿರ್ತಾರಲ್ಲ ಹಾಗಿದೆ. ಪರಿಷ್ಕರಿಸೋದು ಅಂದ್ರೆ ಏರಿಸೋದು ಅಂತ ತಾನೆ?"

"ಹೂಂ ಅಪ್ಪ."

"ಹಾಗಾದ್ರೆ ಏರಿಸಿದ್ದೀನಿ ಅಂತಲೇ ಬರಿ. ಯಾರು ಏರಿಸಿದ್ದು? ನಾನು. 'ಲಾಗಿದೆ' ಅಂದ್ರೆ ಯಾರೋ ಏರಿಸಿ ಓಡಿಹೋದ ಹಾಗಿರುತ್ತೆ."

ವ್ಯಾಕರಣ ಪಾಠದಲ್ಲಿ ಕರ್ತರಿ ಪ್ರಯೋಗ, ಕರ್ಮಣಿ ಪ್ರಯೋಗ ಅಂತ ಎರಡು ಅಂಕದ ಪ್ರಶ್ನೆ ಬರ್ತಿತ್ತು. ಅದು ಯಾಕಿದೆ ಅಂತ ನನಗೆ ಅರ್ಥ ಆಗಿದ್ದು ಅವತ್ತು ಕೌಂಟರಲ್ಲಿ. ಅಪ್ಪ ಹೇಳ್ತಾ ಹೋದ್ರು, ನಾನು ವಾಯ್ಸ್ ಟೈಪಿಂಗ್ ಹಾಕಿದೆ. ಹಿಂದೆ ಗ್ರೈಂಡರ್ ಓಡ್ತಿದ್ದಿದ್ರಿಂದ ಅದು ಚಿಕೋರಿಯನ್ನ 'ಚಿಕ್ಕ ಊರಿ' ಅಂತ ಬರೀತು. ಆರಿಸಿ ಕೈಯಲ್ಲೇ ಒತ್ತಿದೆ. ಕೊನೆಗೆ ಹೋದ ಮೆಸೇಜ್ ಇದು:

'ನಮಸ್ಕಾರ. ಕಾಫಿ ಬೀಜದ ರೇಟು ಎರಡು ವರ್ಷದಲ್ಲಿ ಡಬಲ್ ಆಗಿದೆ. ಆದಷ್ಟು ದಿನ ತಡ್ಕೊಂಡೆ. ಈ ಸೋಮವಾರದಿಂದ 80-20 ಪುಡಿಗೆ ಕೆಜಿಗೆ 120 ರೂಪಾಯಿ ಏರಿಸಿದ್ದೀನಿ. ಪುಡಿ ಮಾತ್ರ ಅದೇ, ಏನೂ ಬದಲಾಯಿಸಿಲ್ಲ. ಕಡಿಮೆ ರೇಟಿಗೆ ಬೇಕು ಅನ್ನೋರಿಗೆ 60-40 ಮಾಡಿಟ್ಟಿದ್ದೀನಿ, ಕವರ್ ಮೇಲೆ ಹಾಗೇ ಬರೆದಿರುತ್ತೆ. ಎರಡೂ ಕಾಲು ಕಾಲು ಕೆಜಿ ತಗೊಂಡು ಕುಡಿದು ನೋಡಿ. ನಿಮಗೆ ಯಾವುದು ಆಗುತ್ತೋ ಅದು ಕೊಡ್ತೀನಿ.'

140 ಜನಕ್ಕೆ ಹೋಯ್ತು. ಮಧ್ಯಾಹ್ನದವರೆಗೆ ನೀಲಿ ಟಿಕ್ಕು ಎಣಿಸ್ತಾ ಕೂತಿದ್ದೆ, ಅಪ್ಪ ಒಂದು ಸಲವೂ ಕೇಳಲಿಲ್ಲ. ಮೊದಲು ಬಂದ ಉತ್ತರ ಒಬ್ಬ ರಿಟೈರ್ಡ್ ಮೇಷ್ಟರದ್ದು: 'ಅರ್ಧ ಕೆಜಿ ತಗೋತಿದ್ದೆ, ಇನ್ಮೇಲೆ ಕಾಲು ಕೆಜಿ ಕೊಡಿ. ಪುಡಿ ಮಾತ್ರ ಬದಲಾಯಿಸಬೇಡಿ.' ಹಲವರು ಬರೀ ಕೈ ಮುಗಿಯೋ ಎಮೋಜಿ ಹಾಕಿದ್ರು. ಕೆಲವರು 60-40ಕ್ಕೆ ಬದಲಾಯಿಸಿದ್ರು, ಒಬ್ಬರಂತೂ ನಮಗೆ ಇದೇ ಇಷ್ಟ ಅಂದ್ರು. ಸಂಜೆ ಬಸ್‌ಸ್ಟ್ಯಾಂಡ್ ಹತ್ರದ ಹೋಟೆಲಿನವರು ಫೋನ್ ಮಾಡಿದ್ರು. ಹತ್ತು ವರ್ಷದಿಂದ ದಿನಕ್ಕೆ 2 ಕೆಜಿ ತಗೊಳ್ಳೋರು. "ಅಣ್ಣಾ, ನಮಗೆ ಆಗಲ್ಲ, ಬೇರೆ ಕಡೆ ಪ್ಯಾಕೆಟ್ ಪುಡಿ ಮಾತಾಡಿದ್ದೀವಿ" ಅಂದ್ರು. ದಿನದ 8 ಕೆಜಿಯಲ್ಲಿ 2 ಅಂದ್ರೆ ಕಾಲು ಭಾಗ. ನನಗೆ ಸಿಟ್ಟು ಬಂತು. ಅಪ್ಪ ಫೋನಿಟ್ಟು, "ಬೈಬೇಡ. ಅವರೂ ಒಂದು ಕಾಫಿಗೆ ಐದು ರೂಪಾಯಿ ಏರಿಸಿದ್ರೆ ಜನ ಎದ್ದು ಹೋಗ್ತಾರೆ. ಹತ್ತು ವರ್ಷ ತಗೊಂಡಿದ್ದಾರಲ್ಲ" ಅಂದ್ರು. ಆಮೇಲೆ ಬೋರ್ಡಿನ ಮೇಲೆ ಎರಡು ಪುಡಿಯ ಹೆಸರು, ಎರಡರ ಪ್ರಮಾಣ, ಎರಡರ ರೇಟು ಬರೆದು ಬಾಗಿಲ ಹತ್ರ ನೇತು ಹಾಕಿದ್ರು.

ಆ ಕಾಲು ಭಾಗ ಇನ್ನೂ ತುಂಬಿಲ್ಲ. ಮನೆಗಳಿಗೆ ಹೋಗೋ ಪುಡಿ ಸ್ವಲ್ಪ ಸ್ವಲ್ಪ ಜಾಸ್ತಿ ಆಗಿದೆ, ಆ ಮೆಸೇಜನ್ನ ಯಾರ್ಯಾರೋ ಮುಂದಕ್ಕೆ ಕಳಿಸಿದ್ದಾರೆ. ವಾರಕ್ಕೊಂದು ಸಲ ಅಪ್ಪ ಹಾಸ್ಟೆಲಿಗೆ ಕಾಲ್ ಮಾಡಿ, ಏನು ಬರೀಬೇಕು ಅಂತ ಹೇಳ್ತಾರೆ, ನಾನು ಟೈಪ್ ಮಾಡಿ ಕಳಿಸ್ತೀನಿ. ಹದಿನಾಲ್ಕು ವರ್ಷ ಇಂಗ್ಲಿಷಲ್ಲಿ ಎಸ್ಸೇ, ರಿಪೋರ್ಟ್, ಲ್ಯಾಬ್ ರೆಕಾರ್ಡ್ ಬರೆದಿದ್ದೀನಿ. ನಾನು ಬರೆದ ವಾಕ್ಯದಿಂದ ಒಂದು ಅಂಗಡಿಯ ನಾಳೆ ಹೆಚ್ಚುಕಮ್ಮಿ ಆಗಬಹುದು ಅನ್ನೋ ಭಯ ಮೊದಲ ಸಲ ಬಂದಿದ್ದು ಕನ್ನಡದಲ್ಲಿ. ಕನ್ನಡ ಉಳಿಸಿ ಅಂತ ಭಾಷಣ ಕೇಳಿದಾಗ ನನಗೆ ಏನು ಮಾಡ್ಬೇಕು ಅಂತ ತೋಚ್ತಿರಲಿಲ್ಲ. ಈಗ ಒಂದು ಸಣ್ಣ ಕೆಲಸ ಸಿಕ್ಕಿದೆ.

ಅಂಗಡಿಗೆ ಬರೋರು ನನ್ನನ್ನ ನೋಡಿ, "ಮಗಳು ಇಂಜಿನಿಯರ್ ಆದ್ರೆ ಇದನ್ನ ಯಾರು ನೋಡ್ಕೋತಾರೆ?" ಅಂತ ಅಪ್ಪನ್ನ ಕೇಳ್ತಾರೆ. ಅಪ್ಪ ನಗ್ತಾರೆ, ಉತ್ತರ ಕೊಡಲ್ಲ. ನನ್ನ ಹತ್ರವೂ ಉತ್ತರ ಇಲ್ಲ. ಫೋನ್ ಕಂಪನಿ ನಾಲ್ಕು ವರ್ಷ ಸೆಕ್ಯುರಿಟಿ ಅಪ್‌ಡೇಟ್ ಕೊಡ್ತೀನಿ ಅಂದಿದೆ. ಅಷ್ಟರೊಳಗೆ ನನ್ನ ಡಿಗ್ರಿ ಮುಗಿದು ಎರಡು ವರ್ಷ ಆಗಿರುತ್ತೆ. ಪ್ಲೇಸ್‌ಮೆಂಟ್ ಆಗಿ ಯಾವುದೋ ಟೆಕ್ ಪಾರ್ಕಲ್ಲಿ ಕೂತಿರ್ತೀನೋ, ಡ್ರಮ್ ಪಕ್ಕದಲ್ಲಿ ಮೈಕ್ ಇಟ್ಟು ಚಟಪಟ ಎಣಿಸ್ತಿರ್ತೀನೋ ಗೊತ್ತಿಲ್ಲ. ಎರಡನ್ನೂ ಯೋಚಿಸ್ತಿದ್ದೀನಿ ಅನ್ನೋದಷ್ಟೇ ನಿಜ.

ಕೊನೇ ಮಾತು

ರಿವ್ಯೂ ಅಂದ ಮೇಲೆ ಅಂಕ ಕೊಡ್ಬೇಕಂತೆ. ಫೋನಿಗೆ ಹತ್ತಕ್ಕೆ ಏಳೂವರೆ. ಸ್ಕ್ರೀನ್, ಬ್ಯಾಟರಿ ಚೆನ್ನಾಗಿದೆ, ಕೇಳದೆ ಬಂದ ಆ್ಯಪ್‌ಗಳಿಗೆ ಮತ್ತು ಕಾಫಿ ಬೆರಳನ್ನ ಗುರುತಿಸದ ಸೆನ್ಸರಿಗೆ ಎರಡೂವರೆ ಕಟ್. ಕಾಫಿಗಳಿಗೆ ಅಂಕ ಕೊಡಲ್ಲ, ಈ ಲಿಂಕನ್ನ ಅಪ್ಪ 140 ಜನಕ್ಕೂ ಕಳಿಸೋದು ಗ್ಯಾರಂಟಿ.

ಬೇಕಾದ್ರೆ ಒಂದು ಟಿಪ್ ಕೊಡ್ತೀನಿ. ಫಿಲ್ಟರಿನ ಮೇಲಿನ ಪಾತ್ರೆಗೆ ಮೂರು ದೊಡ್ಡ ಚಮಚ ಪುಡಿ ಹಾಕಿ, ಒತ್ತೋ ಬಿಲ್ಲೆಯಿಂದ ಹಗುರಾಗಿ ಒತ್ತಿ. ಕುದಿಯೋ ನೀರನ್ನ ಮೊದಲು ಸ್ವಲ್ಪವೇ ಹಾಕಿ ಅರ್ಧ ನಿಮಿಷ ಬಿಡಿ. ಪುಡಿ ಉಬ್ಬಿ ಗುಳ್ಳೆ ಬಂದ್ರೆ ತಾಜಾ ಇದೆ ಅಂತ ಅರ್ಥ, ಹುರಿದಾಗ ಒಳಗೆ ಸೇರಿದ ಇಂಗಾಲದ ಡೈಆಕ್ಸೈಡ್ ಹೊರಗೆ ಬರ್ತಿದೆ. ಆಮೇಲೆ ಉಳಿದ ನೀರು ಹಾಕಿ ಮುಚ್ಚಿ, ಇಪ್ಪತ್ತು ನಿಮಿಷ ಅದನ್ನ ಮುಟ್ಟಬೇಡಿ, ಬೇಕಾದ್ರೆ ಫೋನ್ ನೋಡ್ತಾ ಇರಿ. ಹಾಸ್ಟೆಲಲ್ಲಿ ನನ್ನ ಹತ್ರ ಫಿಲ್ಟರ್ ಇದೆ, 80-20 ಇದೆ. ಹಾಲು ಮತ್ತು ಲೋಟ ನೀವೇ ತರಬೇಕು.